ಏಳನೇ ಸಾಲಿನ ಚೀಲ

ಕಾಳಮ್ಮನ ಕೈ ಚುರುಕು, ಕರುಳು ಅದಕ್ಕಿಂತ ಚುರುಕು. ಸೋಮವಾರಪೇಟೆಯ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಕಾಫಿ ಹಣ್ಣು ಕೊಯ್ದವಳು. ಅಲ್ಲಿ ಪಕ್ಕದ ಹೆಂಗಸಿಗೆ ಮೈ ಸರಿಯಿಲ್ಲವೆಂದರೆ, ತೂಕ ಬರೆದುಕೊಳ್ಳುವ ರೈಟರ್ ಬರುವಷ್ಟರಲ್ಲಿ ತನ್ನ ಚೀಲದಿಂದ ನಾಲ್ಕು ಬೊಗಸೆ ಅವಳ ಚೀಲಕ್ಕೆ ಸುರಿದುಬಿಡುತ್ತಿದ್ದಳು. ಅದನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ಕೂಲಿಯವರ ಲೈನ್‌ಮನೆ ಬದುಕೇ ಹಾಗೆ.

ಈಗ ಅವಳ ಕೆಲಸ ಕುಶಾಲನಗರದ ಹತ್ತಿರ, ಉಷಾರಾಣಿ ಮೇಡಂ ನೋಡಿಕೊಳ್ಳುವ ಗುಲಾಬಿ ತೋಟದಲ್ಲಿ. ಹತ್ತು ಊರಿನ ಹಿತ್ತಿಲುಗಳಿಂದ ತಂದ ಹತ್ತು ತಳಿ, ಹತ್ತು ಸಾಲು. ನೋಡಲು ಎಲ್ಲವೂ ಅದೇ ನಸುಗೆಂಪು.

"ಬಣ್ಣ ಒಂದೇ ಆದ್ರೂ ಹುಟ್ಟುಗುಣ ಬೇರೆ ಬೇರೆ ಕಾಳಮ್ಮ. ಒಂದು ಹೂ ಜಾಸ್ತಿ ಬಿಡುತ್ತೆ, ಇನ್ನೊಂದು ಎಣ್ಣೆ ಜಾಸ್ತಿ ಕೊಡುತ್ತೆ. ಅವೆರಡನ್ನೂ ಹುಡುಕಿ, ಕೂಡಿಸಿ ಹೊಸ ತಳಿ ಮಾಡ್ಬೇಕು" ಎಂದಿದ್ದರು ಮೇಡಂ. ಬಿಸಿಲೇರುವ ಮೊದಲೇ ಕೊಯ್ದು ಸಾಲಿಗೊಂದು ಚೀಲ ಕೊಡಬೇಕು. ಅದನ್ನು ತೂಗಿ, ಬೇರೆ ಬೇರೆಯಾಗಿಯೇ ಬೇಯಿಸಿ ಎಣ್ಣೆ ಇಳಿಸಿ, ಎಷ್ಟು ಹೂವಿಗೆ ಎಷ್ಟು ಎಣ್ಣೆ ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ.

ಏಳನೇ ಸಾಲು ದೂರದ ಕರಿಕೆ ಊರಿನಿಂದ ಬಂದದ್ದು, ಬಡಕಲು. ಎರಡನೇ ಸಾಲಿನ ಹೂವಿಗೆ ಚೀಲ ಸಾಲುತ್ತಿರಲಿಲ್ಲ, ಇದರದು ತಳವನ್ನೂ ಮುಚ್ಚುತ್ತಿರಲಿಲ್ಲ. ಕಾಳಮ್ಮನಿಗೆ ಅಯ್ಯೋ ಅನ್ನಿಸಿತು. ಅಷ್ಟು ದೂರದಿಂದ ಬಂದ ಗಿಡ ಬೈಸಿಕೊಳ್ಳುವುದು ಬೇಡವೆಂದು, ಎರಡನೆಯದರಿಂದ ದಿನಾ ಒಂದಷ್ಟು ಬೊಗಸೆ ಇದಕ್ಕೆ ಹಾಕತೊಡಗಿದಳು. ಗುಲಾಬಿಗೂ ರೈಟರ್ ಭಯ ಇರುತ್ತದೆಂದು ಪುಣ್ಯಾತ್ಗಿತ್ತಿಯ ಲೆಕ್ಕ!

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಆಳು ಸಣ್ಣಸ್ವಾಮಿ ಹಾರೆ ಹಿಡಿದು ಏಳನೇ ಸಾಲಿಗೆ ಬಂದ.

"ಯಾಕ್ಲಾ ಹಾರೆ?"

"ಮೇಡಮ್ಮೋರು ಕೀಳು ಅಂದವ್ರೆ ಕಾಳಕ್ಕ. ಹೂವೂ ಸುಮಾರು, ಎಣ್ಣೆನೂ ಸುಮಾರಂತೆ."

ಎಣ್ಣೆಯೂ ಸುಮಾರೆ? ಈ ಹೂ ಕೊಯ್ದ ಕೈಯನ್ನು ಮೂರು ಸಲ ತೊಳೆದರೂ ಘಮ ಹೋಗುವುದಿಲ್ಲ! ಆಗ ಹೊಳೆಯಿತು. ತಾನು ಬೆರೆಸಿದ ಎರಡನೇ ಸಾಲಿನ ಸಪ್ಪೆ ಹೂವೇ ಇದರ ಎಣ್ಣೆಯ ಲೆಕ್ಕವನ್ನು ತಗ್ಗಿಸಿಬಿಟ್ಟಿದೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಗಿಡ ಹೋಗುತ್ತದೆ. ಸಣ್ಣಸ್ವಾಮಿಯ ಕೈಯಿಂದ ಹಾರೆ ಕಿತ್ತುಕೊಂಡು ಮೇಡಂ ಕೂತಿದ್ದ ಶೆಡ್ಡಿಗೆ ಓಡಿದಳು.

"ಏಳನೇದ್ರ ಚೀಲಕ್ಕೆ ಎರಡನೇದ್ರ ಹೂವ ನಾನೇ ಹಾಕ್ತಿದ್ದೆ ಮೇಡಮ್ಮೋರೆ. ಕೀಳಿಸ್ಬೇಡಿ."

ಉಷಾರಾಣಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪೇರಿತು.

"ತಿಂಗಳ ಕೆಲಸ ನೀರಲ್ಲಿ ಹೋಮ ಮಾಡಿದ್ರಲ್ಲ!" ಎಂದು ಪುಸ್ತಕದಲ್ಲಿ ಆ ಎರಡು ಸಾಲಿನ ಪುಟಗಳಿಗೆ ಗೀಟು ಎಳೆದರು. ಕಾಳಮ್ಮ ಹಾರೆಯನ್ನು ಗೋಡೆಗೆ ಒರಗಿಸಿದಳು. ಕೊನೆಗೆ ಮೇಡಂ, "ನಾಳೆಯಿಂದ ಮತ್ತೆ ಕೊಯ್ರಿ. ಒಂದು ಎಸಳು ಬೆರೆಸಿದ್ರೂ ಮನೆಗೆ ಕಳಿಸ್ತೀನಿ" ಎಂದರು.

ಎರಡು ವಾರ ಕಾಳಮ್ಮ ಬಹಳ ಕಷ್ಟಪಟ್ಟು ಕೈ ಬಿಗಿಹಿಡಿದಳು. ಖಾಲಿ ಖಾಲಿ ಚೀಲ ತೂಕಕ್ಕಿಡುವಾಗ ಗಿಡಕ್ಕಿಂತ ಅವಳಿಗೇ ನಾಚಿಕೆ.

ಹದಿನೈದನೇ ದಿನ ಮೇಡಂ ಗಾಜಿನ ಕೊಳವೆ ಹಿಡಿದು ತಾವೇ ಸಾಲಿನವರೆಗೆ ನಡೆದು ಬಂದರು.

"ಇಷ್ಟೇ ಇಷ್ಟು ಹೂವಿಗೆ ಇಷ್ಟು ಎಣ್ಣೆ! ಹತ್ತರಲ್ಲಿ ಇದೇ ಮೊದಲು ಕಾಳಮ್ಮ. ಎರಡನೆಯದಕ್ಕೂ ಇದಕ್ಕೂ ಸಂಬಂಧ ಕೂಡಿಸೋದೇ."

ಕಾಳಮ್ಮ ಆ ಗಿಡದ ಪಕ್ಕ ಕುಕ್ಕರುಗಾಲಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಚೆನ್ನಾಗಿರ್ಲಿ ಅಂತ ಮಾಡ್ದೆ ಮೇಡಮ್ಮೋರೆ," ಎಂದಳು. "ನಾನೇ ಕೊಲ್ಲಿಸ್ತಿದ್ನಲ್ಲ."