ಶಾದಾನಳ ತಟ್ಟೆ

ತುರ್ಕಿಯ ಕುತಾಹ್ಯ ಊರಿನ ಆ ಓಣಿಯಲ್ಲಿ ನೆರೆಮನೆಯ ತಟ್ಟೆಯನ್ನು ಬರಿದಾಗಿ ವಾಪಸು ಕಳಿಸುವುದೆಂದರೆ ಮನೆಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದಂತೆ. ನೆಜೀಹೆ ಅಂಥ ಕೆಲಸ ಯಾವತ್ತೂ ಮಾಡಿದವಳಲ್ಲ. ಅವಳು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ತಟ್ಟೆಯನ್ನು ವಾಪಸೇ ಕಳಿಸಿರಲಿಲ್ಲ.

ಹೋದ ರಂಜಾನಿನಲ್ಲಿ ಎಡಗಡೆ ಮನೆಯ ಶಾದಾನ್ ನೀಲಿ ಅಂಚಿನ ತಟ್ಟೆಯಲ್ಲಿ ಗುಲ್ಲಾಚ್ ಕಳಿಸಿದ್ದಳು. ತಣ್ಣನೆಯ ಹಾಲಿನಲ್ಲಿ ನೆನೆದ ತೆಳ್ಳನೆ ಹಾಳೆಗಳು, ಮೇಲೆ ಗುಲಾಬಿ ನೀರಿನ ಘಮ. ಬಾಯಿಗಿಟ್ಟ ನೆಜೀಹೆಗೆ ಹೊಟ್ಟೆಕಿಚ್ಚಾಯಿತು. ಸೊಸೆಯಂದಿರಾಗಿ ಈ ಓಣಿಗೆ ಬಂದಾಗಿನಿಂದ ಇಬ್ಬರಿಗೂ ಅಡುಗೆಯಲ್ಲಿ ಪೈಪೋಟಿ. ಇದಕ್ಕಿಂತ ಒಂದು ಕೈ ಮೇಲಾದದ್ದನ್ನೇ ತುಂಬಿ ಕಳಿಸುತ್ತೇನೆಂದು ಹಟ ಹಿಡಿದಳು. ಒಂದು ದಿನ ಬಕ್ಲಾವಾದ ಪಾಕ ಕೆಟ್ಟಿತು, ಇನ್ನೊಂದು ದಿನ ಒಳ್ಳೆಯ ಪಿಸ್ತಾ ಸಿಗಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆಂದು ಆ ಮನೆಯತ್ತ ಕಾಲಿಡುವುದನ್ನೂ ಬಿಟ್ಟಳು.

ನಾಳೆ ಎಂದವನ ಮನೆ ಹಾಳು. ಹಬ್ಬದ ಹಿಂದಿನ ದಿನ ಶಾದಾನ್ ತೀರಿಕೊಂಡಳು. ಮೈ ಸರಿಯಿಲ್ಲದೆ ಒಲೆ ಹಚ್ಚುವುದನ್ನೇ ನಿಲ್ಲಿಸಿದ್ದಳಂತೆ, ನೀರು ಕುಡಿದು ಒಂದೆರಡು ಆಲಿವ್ ಕಾಯಿ ತಿಂದು ಉಪವಾಸ ಬಿಡುತ್ತಿದ್ದಳಂತೆ. ಶವದ ಮುಂದೆ ನಿಂತ ಇಮಾಮರು, ಈಕೆ ನಿಮಗೆ ತೀರಿಸಬೇಕಾದ ಋಣವನ್ನು ಬಿಟ್ಟುಕೊಟ್ಟಿರಾ ಎಂದು ಕೇಳಿದಾಗ ಎಲ್ಲರೂ ‘ಹಲಾಲ್, ಬಿಟ್ಟುಕೊಟ್ಟೆವು’ ಎಂದರು. ನೆಜೀಹೆಯೂ ಎಂದಳು. ಆದರೆ ನೆಜೀಹೆಯ ಋಣವನ್ನು ಬಿಟ್ಟುಕೊಡಬೇಕಾದವಳು ಬಿಳಿ ಬಟ್ಟೆಯೊಳಗೆ ಮಲಗಿದ್ದಳು.

ತಟ್ಟೆ ಕಪಾಟಿನಲ್ಲೇ ಉಳಿಯಿತು. ಈ ರಂಜಾನ್ ಶುರುವಾದಾಗಿನಿಂದ ಸಂಜೆಯ ಬಾಂಗಿಗೆ ಮುಂಚೆ ಯಾರೋ ಅದರ ಮೇಲೆ ಚಮಚ ಆಡಿಸಿದಂತೆ ಸದ್ದು. ನೆಜೀಹೆ ಬಟ್ಟೆ ಸುತ್ತಿಟ್ಟಳು. ಸದ್ದು ನಿಲ್ಲಲಿಲ್ಲ.

ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಇಲ್ಜೆಗೆ ಇದೊಂದೂ ಗೊತ್ತಿರಲಿಲ್ಲ. ಪಿಂಗಾಣಿಯ ಮೇಲೆ ಚಿತ್ರ ಬರೆಯುವುದನ್ನು ಕಲಿಯಲು ಲಾಟ್ವಿಯಾದಿಂದ ಬಂದ ಹುಡುಗಿ. ತಾನೂ ಉಪವಾಸ ಹಿಡಿಯುತ್ತೇನೆಂದು ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮುಖ ಸುಟ್ಟ ಬದನೆಕಾಯಿ.

“ಈಗಲೇ ಬಿಟ್ಬಿಡೇ ಹುಡುಗಿ, ನಮ್ಮಲ್ಲಿ ಸಣ್ಣ ಮಕ್ಕಳು ಮಧ್ಯಾಹ್ನಕ್ಕೇ ಬಿಡೋದು,” ಎಂದು ನೆಜೀಹೆ ರೇಗಿಸುತ್ತಿದ್ದಳು.

“ನಾನು ಮಗು ಅಲ್ಲ, ಚಿಕ್ಕಮ್ಮ,” ಎನ್ನುತ್ತ ಇಲ್ಜೆ ಕಿಟಕಿಯಲ್ಲಿ ಬಿಸಿಲು ನೋಡುತ್ತಿದ್ದಳು.

“ಹಾಗಾದ್ರೆ ಕೇಳಿಸ್ಕೋ. ನಮ್ಮನೆ ಘಮ ಪಕ್ಕದ ಮನೆಗೆ ಹೋಯ್ತಾ, ಅದರಲ್ಲಿ ಅವರಿಗೂ ಪಾಲಿದೆ. ಕೊಡದೇ ತಿಂದ್ರೆ ಗಂಟಲಲ್ಲಿ ಇಳಿಯಲ್ಲ.”

ಹುಡುಗಿ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಳು. ಒಂದು ಸಂಜೆ ನೆಜೀಹೆ ಭಟ್ಟಿಯ ಮುಂದೆ ಸಾಲು ನಿಂತು, ಬಿಸಿ ರೊಟ್ಟಿ ತೆಗೆದುಕೊಂಡು ಬಂದಾಗ ಇಲ್ಜೆಯ ಮುಖ ಅರಳಿತ್ತು.

“ಚಿಕ್ಕಮ್ಮ, ನೀವು ಅನ್ನ ತುಂಬಿ ಮಾಡಿಟ್ಟಿದ್ದ ದ್ರಾಕ್ಷಿ ಎಲೆ ಸುರುಳಿ ಪಕ್ಕದ ಮನೆಗೆ ಕೊಟ್ಟು ಬಂದೆ!”

“ಯಾವ ಪಕ್ಕ?”

ಇಲ್ಜೆ ಎಡಗಡೆ ಕೈ ತೋರಿಸಿದಳು. “ಅಜ್ಜಿ ಬಾಗಿಲು ತೆಗೆದ್ರು. ತುಂಬಾ ಸೊರಗಿದಾರೆ, ಪಾಪ. ತಟ್ಟೆ ನೋಡಿ ನಕ್ಕರು. ಎಷ್ಟು ಚೆಂದದ ತಟ್ಟೆ, ಅದನ್ನ ಯಾಕೆ ಬಟ್ಟೆ ಸುತ್ತಿ ಇಟ್ಟಿದ್ರಿ?”

ನೆಜೀಹೆ ಕಪಾಟು ತೆರೆದಳು. ಬಟ್ಟೆ ಮಾತ್ರ ಮಡಿಸಿಟ್ಟಿತ್ತು.

“ಏನಂದ್ಲು?” ನಾಲಗೆ ಒಣಗಿದ್ದು ಉಪವಾಸಕ್ಕಲ್ಲ.

“‘ಕೊನೆಗೂ ನೆನಪಾಯ್ತಾ ಆ ಹಟಮಾರಿಗೆ’ ಅಂದ್ರು. ಆಮೇಲೆ, ‘ಬರೀ ನುಚ್ಚು ಕಳಿಸಿದ್ರೂ ಸಾಕಿತ್ತು ನಂಗೆ’ ಅಂದ್ರು.”

ನೆಜೀಹೆ ಹೊರಗೆ ಓಡಿದಳು. ಎಡಗಡೆ ಮನೆಯ ಬಾಗಿಲಿಗೆ ಬೀಗವಿತ್ತು. ಬೀಗಕ್ಕೆ ತುಕ್ಕು, ತುಕ್ಕಿನ ಮೇಲೆ ಜೇಡರ ಬಲೆ, ಒಂದೆಳೆಯೂ ಹರಿದಿರಲಿಲ್ಲ. ಬಾಂಗು ಕೇಳಿಸಿತು. ಓಣಿಯವರೆಲ್ಲ ಊಟಕ್ಕೆ ಕೂತಾಗ ಅವಳು ಹೊಸ್ತಿಲ ಮೇಲೆ ಕೂತು ಅತ್ತಳು. ಹೆದರಿಕೆಯೂ ಇತ್ತು, ಋಣ ತೀರಿತೆಂಬ ಹಗುರವೂ ಇತ್ತು.

ಮರುದಿನ ಕಪಾಟಿನಲ್ಲಿ ಸದ್ದಿಲ್ಲ. ಬಾಂಗಿಗೆ ಇನ್ನೇನು ಹೊತ್ತಾಯಿತು ಅನ್ನುವಾಗ ಯಾರೋ ಬಾಗಿಲು ಬಡಿದರು. ಇಲ್ಜೆ ತೆರೆದಳು. ಹೊರಗೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ನೀಲಿ ಅಂಚಿನ ತಟ್ಟೆ, ತುಂಬ ಗುಲ್ಲಾಚ್.

“ನೋಡಿ ಚಿಕ್ಕಮ್ಮ, ಖಾಲಿ ಕಳಿಸಿಲ್ಲ!” ಎಂದಳು ಹುಡುಗಿ, ಹೆಮ್ಮೆಯಿಂದ.

ನೆಜೀಹೆ ಬಾಗಿಲಿಗೆ ಬಂದು ನೋಡಿದಳು. ಖಾಲಿ ಕಳಿಸುವವಳೇ ಶಾದಾನ್? ಋಣ ಮತ್ತೆ ತನ್ನ ತಲೆಗೇ ಬಂದು ಕೂತಿತ್ತು. ಕಲ್ಲಿಗೆ ಅಪ್ಪಳಿಸಿ ಒಡೆದುಬಿಟ್ಟರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ. ತಟ್ಟೆಯನ್ನು ಎತ್ತಿಯೂ ಎತ್ತಿದಳು. ತಣ್ಣನೆ ಹಾಲು ಮಣಿಕಟ್ಟಿನ ಮೇಲೆ ಚೆಲ್ಲಿತು, ಗುಲಾಬಿ ಘಮ್ಮೆಂದಿತು. ಅಷ್ಟರಲ್ಲಿ ಬಾಂಗು ಕೇಳಿಸಿತು.

ಕೈ ಇಳಿಸಿ ಒಂದು ಚಮಚ ಬಾಯಿಗಿಟ್ಟಳು.

“ಗುಲಾಬಿ ನೀರು ಜಾಸ್ತಿಯಾಯ್ತು ಕಣೇ,” ಎಂದಳು ಎಡಗಡೆಯ ಗೋಡೆಗೆ.

ಗುಲ್ಲಾಚನ್ನು ಬಟ್ಟಲಿಗೆ ಬಗ್ಗಿಸಿ ತಟ್ಟೆ ತೊಳೆದಳು. ಒಲೆಯ ಮೇಲಿದ್ದದ್ದು ಗೋಧಿ ನುಚ್ಚಿನ ಅನ್ನ. ಅದನ್ನೇ ಆ ತಟ್ಟೆಗೆ ಬಡಿಸತೊಡಗಿದಳು.

“ಇದು ಬರೀ ನುಚ್ಚು. ನಾಳೆ ಏನಾದ್ರೂ ಒಳ್ಳೇದು ಮಾಡೋಣ, ಚಿಕ್ಕಮ್ಮ.”

“ನಾಳೆ ಅನ್ನೋ ಮಾತು ಆಡಬೇಡ!” ನೆಜೀಹೆ ಸಿಡುಕಿದಳು. ಆಮೇಲೆ ಹುಡುಗಿಯ ಕೆನ್ನೆ ಸವರಿ, “ನೀನು ಉಣ್ಣು ಮಗಳೇ. ಇವತ್ತು ನಾನೇ ಹೋಗ್ತೀನಿ,” ಎಂದಳು.

ತಟ್ಟೆ ಹಿಡಿದು ಬೀಗದ ಮುಂದೆ ನಿಂತು ಬಾಗಿಲು ಬಡಿದಳು.

“ಶಾದಾನ್, ಬರೀ ನುಚ್ಚು ಕಣೇ. ಬಿಸಿಯಾಗಿದೆ, ಆರೋದ್ರೊಳಗೆ ತಿನ್ನು.”

ಒಳಗಿನಿಂದ, ಕಾಲೆಳೆದು ನಡೆಯುವ ಹೆಜ್ಜೆಗಳು ನಿಧಾನವಾಗಿ ಬಾಗಿಲ ಕಡೆಗೆ ಬಂದವು. ನೆಜೀಹೆ ಓಡಲಿಲ್ಲ.