ಸಲಾಮಿಲ್ಲದ ಸಾಲುಗಳು

ಶಾರ್ಶೆನ್ ಅತಾ, ಎಂದರೆ ಶಾರ್ಶೆನ್ ಅಜ್ಜ, ಹಟ ಹಿಡಿದರೆ ಬೆಟ್ಟವೇ ಪಕ್ಕಕ್ಕೆ ಸರಿಯಬೇಕು. ಮೊಮ್ಮಗಳ ಕಿವಿಯಲ್ಲಿ ಮೂರು ಸಲ ಹೆಸರು ಕೂಗುವವನು ನಾನೇ ಎಂದು ಹೇಳಿಬಿಟ್ಟಿದ್ದರು. ಆದರೆ ಅವರಿದ್ದದ್ದು ನಾರಿನ್ ಪಟ್ಟಣದಿಂದಲೂ ಆಚೆ, ಹಿಮದ ನೆತ್ತಿಯ ಹವಾಮಾನ ಠಾಣೆಯಲ್ಲಿ. ಕಣಿವೆಯ ದಾರಿ ಮುಚ್ಚಿತ್ತು, ಗಾಳಿಗೆ ಫೋನಿನ ಕಂಬ ಉರುಳಿತ್ತು. ಮಗು ಇದ್ದದ್ದು ಬಿಷ್ಕೆಕ್‌ನಲ್ಲಿ, ಇವತ್ತು ಮಧ್ಯಾಹ್ನವೇ ತೊಟ್ಟಿಲ ಶಾಸ್ತ್ರ.

ಠಾಣೆಯಲ್ಲಿ ಉಳಿದದ್ದು ಒಂದು ಮುದಿ ರೇಡಿಯೊ ಯಂತ್ರ. ಅದು ಮಾತನ್ನು ಒಯ್ಯದು. ಇಂಗ್ಲಿಷ್ ಅಕ್ಷರ, ಅಂಕಿ, ಒಂದೆರಡು ಚಿಹ್ನೆ, ಅದರ ಗಂಟಲಲ್ಲಿ ಇಳಿಯುವುದು ಅಷ್ಟೇ. ಹಾಗಾದರೆ ಹೆಸರನ್ನು ಬರೆದೇ ಕಳಿಸಿ ಎಂದು ಸೊಸೆ ಸೈಕಾಲ್ ಕೇಳಿಕೊಂಡಿದ್ದಳು. "ಹೆಸರು ಕಿವಿಗೆ ಹೋಗ್ಬೇಕಮ್ಮ, ಕಣ್ಣಿಗಲ್ಲ" ಎಂದು ಉತ್ತರ ಬಂತು.

ಹಟಕ್ಕೆ ಕಾರಣವಿತ್ತು. ಮಗ ಎರ್ಮೆಕ್ ಹುಟ್ಟಿದಾಗಲೂ ಅವರು ಇದೇ ಠಾಣೆಯಲ್ಲಿ ಸಿಕ್ಕಿಬಿದ್ದಿದ್ದರು. ಪಕ್ಕದ ಮನೆಯ ಮುದುಕ ಬಂದು ಹೆಸರು ಕೂಗಿ, ಮಾಂಸ ತಿಂದು, ಬಾಯಿ ಒರೆಸಿಕೊಂಡು ಹೋಗಿದ್ದ. ಎರ್ಮೆಕ್‌ಗೆ ಅದೆಲ್ಲ ನೆನಪಿರುವುದಾದರೂ ಹೇಗೆ? ಅಪ್ಪ ಮಾತ್ರ ಮರೆತಿರಲಿಲ್ಲ.

ಸೈಕಾಲ್ ಪ್ರೋಗ್ರಾಮ್ ಬರೆಯುವವಳು. ಠಾಣೆಯ ಉಪಕರಣಗಳ ದಾಖಲೆ ಕಳಿಸಲೆಂದು ಬೇಸಿಗೆಯಲ್ಲಿ ಮಾವನ ಕಂಪ್ಯೂಟರಿಗೆ ಒಂದು ಸಣ್ಣ ಪ್ರೋಗ್ರಾಮ್ ಹಾಕಿಕೊಟ್ಟಿದ್ದಳು. ಕಂಪ್ಯೂಟರಿನ ಹೊಟ್ಟೆಯಲ್ಲಿ ದನಿಯೂ ಬರೀ ಸೊನ್ನೆ ಒಂದುಗಳ ರಾಶಿಯೇ. ಆ ರಾಶಿಯನ್ನು ಪುಟ್ಟ ಹಿಡಿಗಳಾಗಿ ಒಡೆದು, ಹಿಡಿಗೊಂದು ಅಕ್ಷರ ಕೊಡುವುದು ಪ್ರೋಗ್ರಾಮಿನ ಕೆಲಸ. ಈ ಕಡೆ ಅಕ್ಷರಗಳನ್ನು ಬಿಚ್ಚಿದರೆ ಮತ್ತೆ ಅದೇ ದನಿ. ಓದಲು ಹೋದರೆ ತಲೆಬುಡವಿಲ್ಲ, ಒಂದಕ್ಷರ ಹೆಚ್ಚುಕಮ್ಮಿಯಾದರೆ ದನಿಯೂ ಇಲ್ಲ. ನಿಮ್ಮ ದನಿಯನ್ನು ಅದರಲ್ಲೇ ಹಿಡಿದು ಕಳಿಸಿ, ಹೆಸರಷ್ಟೇ ಹೇಳಿ, ಚಿಕ್ಕದಿರಲಿ ಎಂದು ಅವಳು ಮಾವನಿಗೆ ಬರೆದಿದ್ದಳು.

ಬೆಳಿಗ್ಗೆ ಸಾಲುಗಳು ಬಂದವು, ಅವಳೆಣಿಸಿದ್ದಕ್ಕಿಂತ ಉದ್ದವಾಗಿಯೇ ಬಂದವು. ಬಿಚ್ಚಿ ಕೇಳಿದರೆ ಬಾಣಲೆಯಲ್ಲಿ ಎಣ್ಣೆ ಸಿಡಿದಂಥ ಸದ್ದು. ಒಳಗೆ ನಿಜವಾಗಿಯೂ ಎಣ್ಣೆ ಕಾಯಿಸಿ ಬೋರ್ಸೋಕ್ ಎಂಬ ಹಿಟ್ಟಿನ ತುಂಡು ಕರಿಯುತ್ತಿದ್ದ ಅತ್ತೆ, ಸಾಕು ಬಿಡು, ಪಕ್ಕದ ಮನೆಯ ಹಿರಿಯರನ್ನೇ ಕರೆಯೋಣ ಎಂದರು. ಸೈಕಾಲ್‌ಗೆ ಅಳು ಉಕ್ಕಿ ಬಂತು. ತನ್ನದೇ ತಪ್ಪಿರಬೇಕೆಂದು ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಜಾಲಾಡಿದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಎನ್ನುತ್ತಾರಲ್ಲ, ಹಾಗಾಯಿತು. ಪ್ರೋಗ್ರಾಮು ಬಿಟ್ಟು ಬಂದ ಸಾಲುಗಳನ್ನೇ ನೋಡಿದಾಗ ಗೊತ್ತಾಯಿತು: ಪ್ರತಿ ಸಾಲಿನ ತಲೆಯಲ್ಲೂ ಒಂದು ಸಲಾಮು, ಬಾಲದಲ್ಲಿ ಒಂದು ಕ್ಷೇಮವಾಗಿರಿ. ಕಂಪ್ಯೂಟರು ಅವನ್ನೂ ದನಿಯೆಂದೇ ತಿಳಿದು ಬಿಚ್ಚಿತ್ತು.

ಠಾಣೆಯ ಸಂದೇಶಗಳನ್ನು ನಾರಿನ್‌ನಲ್ಲಿ ಹಿಡಿದು ಮುಂದೆ ದಾಟಿಸುವವಳು ಬುರುಲ್ ಎಜೆ, ಊರಿಗೆಲ್ಲ ಅಕ್ಕ. ಸೈಕಾಲ್ ಅವಳಿಗೆ ಫೋನ್ ಹಚ್ಚಿದಳು.

"ಹೌದಮ್ಮ, ನಾನೇ ಹಾಕ್ದೆ. ಉಪಕರಣದ ಲೆಕ್ಕ ಆಗಿದ್ರೆ ಹಂಗೇ ಕಳಿಸ್ತಿದ್ದೆ, ಯಂತ್ರಕ್ಕೇನು ಸಲಾಮು? ಇದು ಮನೆಗೆ ಅಂತ ಬರ್ದಿತ್ತು. ಅಷ್ಟು ಸಾಲಲ್ಲಿ ಒಂದೂ ಸಲಾಮಿಲ್ಲ, ಸಾಲಿಗೊಂದಾದ್ರೂ ಬೇಡ್ವಾ? ವಯಸ್ಸಾಯ್ತು, ಮರ್ತಿರ್ತಾರೆ, ಮನೆಯವ್ರು ಬೇಜಾರು ಮಾಡ್ಕೋಬಾರ್ದು ಅಂತ..."

ಸೈಕಾಲ್‌ಗೆ ನಗುವೂ ಬಂತು, ಅಳುವೂ ನಿಲ್ಲಲಿಲ್ಲ. ವಿಷಯ ತಿಳಿದ ಬುರುಲ್‌ಳ ದನಿ ಕುಗ್ಗಿತು; ಎಲ್ಲ ಅಳಿಸಿ ಮತ್ತೆ ಕಳಿಸುತ್ತೇನೆ ಎಂದಳು.

"ಬೇಡ ಎಜೆ, ನೀವು ಹಾಕಿದ್ದು ಇರ್ಲಿ. ಅದನ್ನ ದಾಟಿ ಓದೋದು ಹೇಗಂತ ನಾನೇ ಪ್ರೋಗ್ರಾಮಿಗೆ ಹೇಳ್ಕೊಡ್ತೀನಿ."

ಅವಳು ಪ್ರೋಗ್ರಾಮು ತಿದ್ದಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಹಿರಿಯರು ಆಗಲೇ ಬಂದು ಕೈ ತೊಳೆಯುತ್ತಿದ್ದರು. ಎರ್ಮೆಕ್ ಮಗಳನ್ನು ಎತ್ತಿ ಕಂಪ್ಯೂಟರಿನ ಹತ್ತಿರ ಹಿಡಿದ. ಒರಟಾದ, ಶೀತ ಹಿಡಿದ ದನಿಯೊಂದು ಕೋಣೆಯೊಳಗೆ ಬಂತು.

"ನಿನ್ನ ಹೆಸರು ಅಕ್ಮಾರಾಲ್."

ಮೂರು ಸಲ. ಮಗು ಆಕಳಿಸಿತು, ಅತ್ತೆ ತಲೆಯ ರುಮಾಲಿನಲ್ಲೇ ಕಣ್ಣೊರೆಸಿಕೊಂಡರು. ಸೈಕಾಲ್ ನಿಲ್ಲಿಸಲು ಕೈ ಚಾಚಿದಳು. ಆದರೆ ಸಾಲುಗಳು ಇನ್ನೂ ಮುಗಿದಿರಲಿಲ್ಲ. ಒಂದು ದೀರ್ಘ ಉಸಿರು ಕೇಳಿತು, ಆಮೇಲೆ ಅದೇ ದನಿ, ಮೊದಲಿಗಿಂತ ಮೆತ್ತಗೆ.

"ನಿನ್ನ ಹೆಸರು ಎರ್ಮೆಕ್."

ಅದೂ ಮೂರು ಸಲ. ಗಡ್ಡದಲ್ಲಿ ನರೆ ಬಂದ ಗಂಡಸು, ಮಗಳನ್ನು ಎದೆಗೊತ್ತಿಕೊಂಡು, ಬಗ್ಗಿ ತನ್ನ ಕಿವಿಯನ್ನು ಆ ದನಿಗೆ ಹಚ್ಚಿ ನಿಂತುಬಿಟ್ಟ. ಯಾರೂ ಅವನನ್ನು ಊಟಕ್ಕೆ ಕರೆಯಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಸೈಕಾಲ್ ಬೆಟ್ಟಕ್ಕೆ ಉತ್ತರ ಬರೆದಳು: "ಸಲಾಮ್ ಅತಾ. ಇಬ್ರಿಗೂ ಕೇಳಿಸ್ತು."