ಪಾಷಾ ಸಾಹೇಬರ ಒಣ ರಸ್ತೆ, ಒದ್ದೆ ರಸ್ತೆ

ತುರುವೇಕೆರೆಯ ಮೆಹಬೂಬ್ ಪಾಷಾ ಸಾಹೇಬರು ಮನುಷ್ಯರ ಮುಖ ನೋಡುವುದಕ್ಕೆ ಮುಂಚೆ ಅವರ ಗಾಡಿಯ ಚಕ್ರ ನೋಡುತ್ತಿದ್ದರು. ಅಂಗಡಿಯ ಮುಂದೆ ಕಾರು ನಿಂತರೆ ಸಾಕು, ಸ್ಟೂಲಿನಿಂದ ಎದ್ದು, ಎಡಗಾಲನ್ನು ತುಸು ಎಳೆಯುತ್ತ, ಮೊದಲೇ ಬಾಗಿದ ಬೆನ್ನನ್ನು ಇನ್ನಷ್ಟು ಬಾಗಿಸಿ, ಎತ್ತು ಕೊಳ್ಳುವವರು ಹಲ್ಲು ನೋಡುವ ಹಾಗೆ ನಾಲ್ಕೂ ಟೈರುಗಳ ಮೇಲೆ ಅಂಗೈಯಾಡಿಸಿ ಒಂದು ಪ್ರದಕ್ಷಿಣೆ ಮುಗಿಸಿದ ಮೇಲೆಯೇ ‘ಮನೇಲೆಲ್ಲ ಚೆನ್ನಾಗವ್ರಾ’ ಎಂಬ ಕುಶಲಪ್ರಶ್ನೆ. ಅಷ್ಟು ಹೊತ್ತಿಗೆ ಬಂದವರಿಗೆ ತಮ್ಮ ಆರೋಗ್ಯ ಟೈರಿನ ಆರೋಗ್ಯಕ್ಕಿಂತ ಕಡಿಮೆಯದೆಂಬುದು ಮನದಟ್ಟಾಗಿರುತ್ತಿತ್ತು.

ಚೈತ್ರದ ಬಿಸಿಲಿನಲ್ಲೂ ಅವರ ಮೈಯಿಂದ ಖಾಕಿ ಕೋಟು ಇಳಿದದ್ದನ್ನು ಕಂಡವರಿಲ್ಲ. ಅದರ ಎಡಜೇಬಿನಲ್ಲಿ ಬಿಳಿಯ ಸೀಮೆಸುಣ್ಣ, ಬಲಜೇಬಿನಲ್ಲಿ ನೀಲಿಯದು. ಬಿಳಿ ಒಣ ರಸ್ತೆಗೆ, ನೀಲಿ ಒದ್ದೆ ರಸ್ತೆಗೆ. ಕಂಪನಿಯವರು ಕಾಗದದಲ್ಲಿ ಏನೇ ಅಚ್ಚು ಹಾಕಿಸಿರಲಿ, ಸಾಹೇಬರು ಅದನ್ನು ಓದುತ್ತಿರಲಿಲ್ಲ. ಹೊಸ ಟೈರು ಬಂದರೆ ತಮ್ಮ ಹಳೆಯ ಅಂಬಾಸಿಡರ್ ಕಾರಿಗೆ ಹಾಕಿಕೊಂಡು, ಮಾಯಸಂದ್ರದ ದಾರಿಯ ಒಂದು ನೇರ ತುಂಡಿಗೆ ಹೋಗಿ, ನಲವತ್ತರ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕು ಒತ್ತಿ, ಚಕ್ರ ಎಲ್ಲಿ ನಿಂತಿತೋ ಅಲ್ಲಿ ಸುಣ್ಣದ ಗೀಟು ಎಳೆಯುವರು. ಅವರ ಕಣ್ಣು ರಸ್ತೆಯ ಮೇಲಿರಬೇಕಾದ್ದರಿಂದ ಮೀಟರಿನ ಮುಳ್ಳು ನೋಡುವ ಕೆಲಸ ಪಕ್ಕದಲ್ಲಿ ಕೂತ ಹೆಂಡತಿ ರಹಮತುನ್ನೀಸಾ ಅವರದು. ಬುರ್ಖಾದೊಳಗಿಂದ ‘ಮೂವತ್ತೆಂಟು, ನಲ್ವತ್ತು, ಹೂಂ’ ಎಂದು ಆಕೆ ಹೇಳುವುದೂ ಕಾರು ಕಿರುಗುಟ್ಟಿ ನಿಲ್ಲುವುದೂ ಒಂದೇ ಕ್ಷಣ. ಮದುವೆಯಾದ ಮೇಲೆ ಗಂಡ ತನ್ನನ್ನು ಎಲ್ಲಿಗೂ ಸುತ್ತಾಡಿಸಲಿಲ್ಲವೆಂದು ಯಾರಾದರೂ ಅಂದರೆ, ಸುತ್ತಾಡಿಸಿದ್ದಾರೆ, ಆದರೆ ಇನ್ನೂರು ಗಜ ಮಾತ್ರ ಎನ್ನುತ್ತಿದ್ದರು ಆಕೆ.

ಇನ್ನೊಂದು ಗುಣವನ್ನು ಹೇಳಲೇಬೇಕು. ಸಾಹೇಬರು ಅತಿ ಶುಚಿ. ಟೈರಂಗಡಿಯೆಂದರೆ ಗ್ರೀಸು, ಮಸಿ, ಸೊಲ್ಯೂಷನ್ನಿನ ವಾಸನೆ. ಅವರ ಅಂಗಡಿಯ ನೆಲದಲ್ಲಿ ಮಾತ್ರ ಎಲೆ ಹಾಕಿ ಊಟ ಬಡಿಸಬಹುದಿತ್ತು. ರಸ್ತೆಗೆ ಹೋದಾಗಲೂ ಡಿಕ್ಕಿಯಲ್ಲಿ ಎರಡು ಪೊರಕೆ. ಪರೀಕ್ಷೆಗೆ ಮುಂಚೆ ಆ ಇನ್ನೂರು ಗಜವನ್ನು ತಾವೇ ಗುಡಿಸುವರು. ಧೂಳಿದ್ದರೆ ಸುಣ್ಣ ಹಿಡಿಯುವುದಿಲ್ಲವೆಂದು ಸಬೂಬು. ದಾರಿಹೋಕರು ನಗುತ್ತಿದ್ದರು, ಸಾಹೇಬರೂ ಅವರ ಜೊತೆಗೆ ನಗುತ್ತಿದ್ದರು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಎರಡು ಹೊಸ ಟೈರುಗಳು ಬಂದವು. ಒಂದು ನೆಲಕ್ಕೆ ಅಗಲವಾಗಿ ಕೂರುವಂಥದು, ಇನ್ನೊಂದು ಆಳವಾದ ಗೀರುಗಳದು. ಮದುವೆ ದಿಬ್ಬಣಕ್ಕೂ ಪ್ರವಾಸಕ್ಕೂ ಬಾಡಿಗೆ ಓಡುವ ಟೂರಿಸ್ಟ್ ಕಾರುಗಳು ಊರಲ್ಲಿ ಹೆಚ್ಚುತ್ತಿದ್ದ ಕಾಲ. ಯಾವುದು ಮೇಲು ಎಂದು ಎಲ್ಲರೂ ಸಾಹೇಬರ ಬಾಯನ್ನೇ ನೋಡುತ್ತಿದ್ದರು. ಒಣ ರಸ್ತೆಯಲ್ಲಿ ಅಗಲದ ಟೈರು ನಾಲ್ಕು ಮೊಳ ಮುಂಚೆಯೇ ನಿಂತಿತು. ಟ್ಯಾಂಕರಿನಿಂದ ನೀರು ಬಿಡಿಸಿ ನೋಡಿದರೆ ಎರಡರ ನೀಲಿ ಗೀಟುಗಳೂ ಹೆಚ್ಚುಕಡಿಮೆ ಒಂದೇ ಕಡೆ ಬಿದ್ದವು. ಅಗಲದ್ದೇ ಸರಿ ಎಂದು ತೀರ್ಪಾಯಿತು. ಎರಡು ತಿಂಗಳಲ್ಲಿ ಹನ್ನೊಂದು ಕಾರುಗಳು ಅದನ್ನು ತೊಟ್ಟವು. ಮೊದಲನೆಯದು ಮಾಯಸಂದ್ರದಾಚೆಯ ತೋಟದವನಾದ, ಸ್ಕೂಲಿನಿಂದಲೂ ಜೊತೆಗಾರನಾದ ದೊಡ್ಡಣ್ಣನದು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಆ ವರ್ಷದ ಭರಣಿ ಒಂದು ಮಧ್ಯಾಹ್ನ ಸಣ್ಣಗೆ ಹನಿಯಿತು. ಸಾಹೇಬರು ಹೆಂಡತಿಯೊಡನೆ ನೆಂಟರ ಮನೆಯಿಂದ ಹಿಂದಿರುಗುತ್ತಿದ್ದರು. ತೆಂಗಿನ ನಾರಿನ ಕಾರ್ಖಾನೆಯ ಹತ್ತಿರ ಒಂದು ಎಮ್ಮೆ ಅಡ್ಡ ಬಂತು. ಬ್ರೇಕು ಒತ್ತಿದರು. ಅವರ ಕಾರಿಗೂ ಅದೇ ಅಗಲದ ಟೈರು, ಕಾರು ನಿಲ್ಲಲಿಲ್ಲ. ಅಡ್ಡಡ್ಡಲಾಗಿ ಜಾರಿ, ಎಮ್ಮೆಗೆ ಕೂದಲೆಳೆಯ ಅಂತರದಲ್ಲಿ ತಾಗದೆ, ಪಕ್ಕದ ಮಟ್ಟೆಯ ರಾಶಿಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಸಾಹೇಬರು ಇಳಿದು ರಸ್ತೆಯನ್ನು ಅಂಗೈಯಿಂದ ಒರೆಸಿದರು. ಕಂದು ಬಣ್ಣದ ಲೋಳೆ. ಐದಾರು ತಿಂಗಳಿನಿಂದ ಲಾರಿಗಳಿಂದ ಉದುರಿದ ತೆಂಗಿನ ಮಟ್ಟೆಯ ಪುಡಿ ಹನಿಮಳೆಗೆ ನೆಂದು ಟಾರಿನ ಮೇಲೆ ಗಂಜಿಯಾಗಿತ್ತು.

ರಹಮತುನ್ನೀಸಾ ಇಳಿದು ಬಂದು ಆ ಅಂಗೈಯನ್ನು ನೋಡಿ, ಮೆಲ್ಲಗೆ ಅಂದರು: “ನೀವು ಗುಡಿಸ್ಕೊಂಡು ನೋಡಿದ್ರಿ ಕಣ್ರೀ. ಮಳೆ ಗುಡಿಸ್ಕೊಂಡು ಬರಲ್ಲ.”

ಆ ಸಂಜೆ ಸಾಹೇಬರಿಗೆ ಮೊದಲು ನೆನಪಾದದ್ದು ದೊಡ್ಡಣ್ಣನ ಕಾರು. ದೊಡ್ಡಣ್ಣನ ಮಗಳು ಯೋಗಿತಾ ಬಾಣಂತನ ಮುಗಿಸಿ, ಮೂರು ತಿಂಗಳ ಕೂಸನ್ನೆತ್ತಿಕೊಂಡು ಮರುದಿನ ಕೆಂಕೆರೆಯ ಗಂಡನ ಮನೆಗೆ ಹೊರಡುವವಳಿದ್ದಳು, ಅದೇ ಟೈರಿನ ಕಾರಿನಲ್ಲಿ. ಕೆಂಕೆರೆಯವರೆಗೂ ಮಟ್ಟೆ ಪುಡಿ ಬೀಳದ ರಸ್ತೆಯಿಲ್ಲ. ಬೆಳಕು ಹರಿಯುತ್ತಲೇ ಸಾಹೇಬರು ಆಳದ ಗೀರಿನ ಟೈರು ಹಾಕಿಕೊಂಡು ಅದೇ ಲೋಳೆಯ ಮೇಲೆ, ಪೊರಕೆ ಮುಟ್ಟದೆ, ಮೂರು ಸಲ ಬ್ರೇಕು ಒತ್ತಿ ನೋಡಿದರು. ಮೂರು ಸಲವೂ ಕಾರು ನೆಟ್ಟಗೆ ನಿಂತಿತು. ಅಂಥವೇ ನಾಲ್ಕನ್ನು ಹಿಂದಿನ ಸೀಟಿಗೆ ತುಂಬಿಕೊಂಡು ದೊಡ್ಡಣ್ಣನ ಅಂಗಳಕ್ಕೆ ಹೋದರು.

“ಟೈರು ಬಿಚ್ಬೇಕು ಕಣ್ಲಾ ದೊಡ್ಡಣ್ಣ. ನಾನು ಹೇಳಿದ್ದು ತಪ್ಪು.”

“ಇನ್ನೂ ಹೊಸ ವಾಸ್ನೆ ಹೋಗಿಲ್ಲ, ಬಿಚ್ಬೇಕು ಅಂತೀಯಲ್ಲ. ಮೆಲ್ಲಗೆ ಓಡಿಸ್ತೀನಿ ಬುಡು.”

“ನೀನು ಮೆಲ್ಲಗೆ ಹೋಗ್ತೀಯ. ಅಡ್ಡ ಬರೋ ಎಮ್ಮೆಗೆ ಯಾರು ಹೇಳ್ತಾರೆ?”

ದೊಡ್ಡಣ್ಣ ನಗಲಿಲ್ಲ. ದನಿ ತಗ್ಗಿಸಿದ. “ಲೇ, ಊರಿಗೆಲ್ಲ ಗೊತ್ತಾದ್ರೆ ನಾಳೆ ನಿನ್ ಮಾತು ಯಾರ್ಲಾ ಕೇಳ್ತಾರೆ? ನಿಂಗೆ ಇರೋದು ಅದೊಂದೇ ಅಲ್ವಾ.”

“ಕೇಳ್ದಿದ್ರೆ ಬುಡು. ಇದ್ರಾಗೆ ಕೂಸು ಕೂರ್ತದೆ.”

ಬಾಗಿಲಲ್ಲಿ ಕೂಸಿನೊಡನೆ ನಿಂತಿದ್ದ ಯೋಗಿತಾ, “ಬಿಚ್ಸಪ್ಪ” ಎಂದಳು. ಸಾಹೇಬರು ಕೋಟಿನ ತೋಳು ಮಡಿಸಿ ಮೊಣಕಾಲೂರಿ ಕೂತರು.

ಆಮೇಲೆ ಐದು ದಿನ ಉಳಿದ ಹತ್ತು ಕಾರುಗಳ ಮನೆಬಾಗಿಲಿಗೆ ಹೋದರು. ಬಸ್ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿಯ ದುರ್ಗಯ್ಯ ಹತ್ತು ಜನರೆದುರು, “ಮೊನ್ನೆ ಗೆದ್ದಿದ್ ಟೈರು ಇವತ್ತು ಸೋತೋಯ್ತಾ ಸಾಬ್ರೇ?” ಎಂದು ನಗೆಯೆಬ್ಬಿಸಿದ. “ಟೈರು ಸೋಲ್ಲಿಲ್ಲ ಕಣಪ್ಪ, ನಾನು ಸೋತೆ. ರಸ್ತೆ ಗುಡಿಸ್ಬಿಟ್ಟಿದ್ದೆ” ಎಂದರು ಸಾಹೇಬರು. ಏಳು ಜನ ಬಿಚ್ಚಿಸಿದರು, ಮೂವರು ಬಿಚ್ಚಿಸಲಿಲ್ಲ. ದೊಡ್ಡಣ್ಣ ಹೆದರಿದಂತೆಯೇ ಆಯಿತು: ಆ ವರ್ಷ ಅರ್ಧ ಊರು ಟೈರಿಗೆ ತಿಪಟೂರಿಗೆ ಹೋಯಿತು. ಸ್ಟೂಲಿನ ಮೇಲೆ ಸುಮ್ಮನೆ ಕೂತ ಅವರನ್ನು ನೋಡುವುದು ನೋವಿನ ಕೆಲಸ. ಅವರಿಗೂ ನೋವಾಗಿತ್ತು, ಮುಚ್ಚಿಡಲಿಲ್ಲ.

ಯೋಗಿತಾ ಕೆಂಕೆರೆಗೆ ಹೋದ ದಿನ ದಾರಿಯುದ್ದಕ್ಕೂ ಮಳೆ ಹಿಡಿದಿತ್ತಂತೆ. ಮರುದಿನ ಹಿಂದಿರುಗಿದ ದೊಡ್ಡಣ್ಣ ಅಂಗಡಿಗೆ ಬಂದು, ರಸ್ತೆಯ ಮಾತಾಗಲಿ ಟೈರಿನ ಮಾತಾಗಲಿ ಎತ್ತದೆ ಟೀ ಕುಡಿದು, ಏಳುವಾಗ ಅಂದ: “ಕೂಸು ಇಲ್ಲಿಂದ ಅಲ್ಲೀವರ್ಗೂ ಒಂದೇ ನಿದ್ದೆ ಕಣ್ಲಾ.” ಪಾಷಾ ಸಾಹೇಬರು ತಲೆಯಾಡಿಸಿದರು. ಅವರ ಕಣ್ಣು ತುಂಬಿತ್ತು.

ಬಲ್ಲವರಿಗೆ ಯಾವ ಊರಲ್ಲೂ ಬರವಿಲ್ಲ. ಆದರೆ ತಾನು ಬಲ್ಲೆನೆಂದು ಕೊಟ್ಟ ಮಾತು ಸುಳ್ಳೆಂದು ತಿಳಿದ ಮರುಬೆಳಗ್ಗೆಯೇ ಹೋಗಿ, ತನ್ನ ಹೆಸರನ್ನು ತಾನೇ ಕಳೆದುಕೊಂಡು ಹನ್ನೊಂದು ಬಾಗಿಲು ತಟ್ಟುವವರು ತೀರ ಕೆಲವರು. ನಮ್ಮ ಕೂಸುಗಳು ಮಳೆಯಲ್ಲಿ ಎಚ್ಚರವಾಗದೆ ಊರು ಸೇರುವುದು ಅಂಥವರಿಂದ, ಮತ್ತು ಆ ಕೂಸುಗಳಿಗೆ ಅವರು ಯಾರೆಂದು ಗೊತ್ತಾಗುವುದೇ ಇಲ್ಲ.